ಮುದುಕರನ್ನು ಕೂರಿಸಿದ ದಿನ

ಇರಲಾರದೆ ಇರುವೆ ಬಿಟ್ಟುಕೊಂಡವರು ಯಾರು ಎಂದು ಕೇಳಿದರೆ ನಲ್ಲಿ ತಾತ ತನ್ನ ಎದೆಯನ್ನೇ ಮುಟ್ಟಿ ತೋರಿಸಬೇಕಿತ್ತು. ಜೀವಮಾನವೆಲ್ಲ ಊರಿನ ನಲ್ಲಿಗಳನ್ನು ರಿಪೇರಿ ಮಾಡಿದ ಮನುಷ್ಯ. ಹೆಂಡತಿಗೆ ಲಕ್ವ ಹೊಡೆದು ಎಡಗಾಲು ಸೋತಾಗ, ಬಡಾವಣೆಯ ಸಮುದಾಯ ಭವನದ ಗೋಡೆಗೆ ಸೊಂಟದೆತ್ತರದಲ್ಲಿ ತಾನೇ ಒಂದು ಹಳೇ ಪೈಪು ಜಡಿದಿದ್ದ. ಅದನ್ನು ಹಿಡಿದು ಆಕೆ ದಿನಾ ಬೆಳಿಗ್ಗೆ ಹೆಜ್ಜೆ ಹಾಕುತ್ತಿದ್ದಳು, ಕಾಲಿಗೆ ಜೀವ ಬರುತ್ತಿತ್ತು. ನೋಡನೋಡುತ್ತ ಮಂಡಿ ಸವೆದವರು, ಸೊಂಟ ಹಿಡಿದವರು, ಸೊಸೆಯ ಮೇಲೆ ಮುನಿಸಿಕೊಂಡವರು ಎಲ್ಲರೂ ಪೈಪಿಗೆ ಸಾಲು ನಿಂತರು. ಪೈಪು ಅರ್ಧ ಗೋಡೆಗೇ ಮುಗಿಯುತ್ತಿತ್ತು. ಉಳಿದರ್ಧಕ್ಕೂ ಹಾಕಿಸಿಕೊಡಿ ಎಂದು ಕೇಳಲು ಹೋದದ್ದೇ ತಾತ ಮಾಡಿದ ತಪ್ಪು.

ಅವನು ಕೇಳಿದ್ದು ಬಡಾವಣೆ ಸಂಘದ ಅಧ್ಯಕ್ಷರನ್ನು. ಅಧ್ಯಕ್ಷರು ವಾರ್ಡ್ ಆಫೀಸಿನ ಸಾಹೇಬರನ್ನು ಕರೆತಂದರು. ಸರ್ಕಾರವೂ ಸಮುದಾಯವೂ ಕೈಜೋಡಿಸಿದರೆ ಮುಪ್ಪೇ ಓಡಿಹೋಗುತ್ತದೆ ಎಂದು ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡರು. ಅವರು ಕೈಜೋಡಿಸಿದ ಭರಕ್ಕೆ ನಡುವೆ ಸಿಕ್ಕ ಮುದುಕರು ನಜ್ಜುಗುಜ್ಜಾದರು. ಭವನಕ್ಕೆ ಬೀಗ ಬಿತ್ತು. ಅಡ್ಡ ಬರುತ್ತದೆಂದು ಪೈಪನ್ನು ಕಿತ್ತು ಗುಜರಿಗೆ ಹಾಕಿದರು. ಆ ಜಾಗಕ್ಕೆ ವ್ಯಾಯಾಮದ ಯಂತ್ರಗಳು ಬಂದವು, ಪ್ಲಾಸ್ಟಿಕ್ ಹೊದಿಕೆ ಸಮೇತ. ಮಂತ್ರಿಗಳು ಬಂದು ಉದ್ಘಾಟಿಸುವ ತನಕ ಯಾರೂ ಮುಟ್ಟುವಂತಿಲ್ಲ, ಮಂತ್ರಿಗಳಿಗೋ ಬಿಡುವೇ ಇಲ್ಲ. ಇತ್ತ ಮನೆಯ ಇಕ್ಕಟ್ಟಿನಲ್ಲಿ ಮಂಚಕ್ಕೂ ಬಚ್ಚಲಿಗೂ ಓಡಾಡುವಷ್ಟರಲ್ಲೇ ಹೆಂಡತಿಯ ಕಾಲು ಮತ್ತೆ ಎಳೆಯತೊಡಗಿತು. ಆಕೆ ಗೋಳಾಡುವವಳಲ್ಲ, ಸುಮ್ಮನೆ ಕಾಲನ್ನೇ ನೋಡುತ್ತ ಕೂತಿರುತ್ತಿದ್ದಳು. ತಾತನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೊನೆಗೂ ಉದ್ಘಾಟನೆಯ ದಿನ ಬಂತು. ಚಟುವಟಿಕೆಯ ಮುಪ್ಪು ಎಂದು ಬ್ಯಾನರಿನಲ್ಲಿ ಬರೆಸಿ, ಅದರ ಕೆಳಗೆ ಮುದುಕರನ್ನೆಲ್ಲ ಬೆಳಿಗ್ಗೆಯಿಂದ ಕುರ್ಚಿಗಳಲ್ಲಿ ಒತ್ತೊತ್ತಾಗಿ ಕೂರಿಸಿದರು. ಮೂತ್ರಕ್ಕೆ ಎದ್ದವರನ್ನೂ, ಮಂತ್ರಿಗಳು ಬಂದೇಬಿಟ್ಟರು ಎಂದು ಹೆಗಲೊತ್ತಿ ಕೂರಿಸಿದರು. ಪಾಪ, ಒಬ್ಬ ನಿವೃತ್ತ ಮೇಷ್ಟ್ರ ಬಟ್ಟೆ ಒದ್ದೆಯಾಗಿಹೋಯಿತು. ಮಧ್ಯಾಹ್ನ ಬಂದ ಮಂತ್ರಿಗಳು ಸೈಕಲ್ ಯಂತ್ರ ಹತ್ತಿ ನಾಲ್ಕು ಸಲ ಪೆಡಲು ತುಳಿದು ಇಳಿದರು. ಮುದುಕರು ಚಪ್ಪಾಳೆ ತಟ್ಟಿದರು, ಅವತ್ತು ಅವರಿಗೆ ದಕ್ಕಿದ ವ್ಯಾಯಾಮ ಅದೊಂದೇ. ತಾತನಿಗೆ ಹೇಸಿಗೆಯಾಯಿತು. ಚಪ್ಪಾಳೆ ತಟ್ಟಿದ ತನ್ನ ಕೈಗಳನ್ನು ಕಂಡೂ ಹೇಸಿಗೆಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಯೋಜನೆಯ ಮೊದಲ ಫಲಾನುಭವಿ ಎಂದು ಮೈಕಿನಲ್ಲಿ ಕೂಗಿ ಅವನ ಹೆಂಡತಿಯನ್ನೇ ಮುಂದಕ್ಕೆ ಕರೆದರು. ಗಂಡನ ತೋಳು ಹಿಡಿದು ಕುಂಟುತ್ತ ಬಂದವಳ ಎದುರಿಗೆ ಹೊಸ ಗಾಲಿಕುರ್ಚಿಯೊಂದನ್ನು ತಂದು ನಿಲ್ಲಿಸಿದರು.

"ಕೂತ್ಕೊಳ್ಳಿ ಅಜ್ಜಿ," ಎಂದರು ಅಧ್ಯಕ್ಷರು ಬಾಯ್ತುಂಬ ನಗುತ್ತ. "ಇನ್ಮೇಲೆ ನೀವು ನಡೆಯೋ ಕಷ್ಟಾನೇ ಬೇಡ."

ತಾತನ ಮೈಯೆಲ್ಲ ಉರಿದುಹೋಯಿತು. ಆಕೆ ಕೂರಲಿಲ್ಲ. ನಿಧಾನಕ್ಕೆ ಕುರ್ಚಿಯ ಹಿಂದಕ್ಕೆ ಹೋಗಿ ಹಿಡಿಕೆಗಳನ್ನು ಹಿಡಿದು ನಿಂತಳು. ಮಂತ್ರಿಗಳು ಗಡಿಯಾರ ನೋಡಿಕೊಂಡರು. ಫೋಟೋಗೆ ಯಾರು ಕೂತರೇನು ಎಂದು ಸಾಹೇಬರು ಗಟ್ಟಿಮುಟ್ಟಾಗಿದ್ದ ತಾತನನ್ನೇ ಭುಜ ಹಿಡಿದು ಕುರ್ಚಿಗೆ ಅದುಮಿದರು. ಫೋಟೋ ಹೊಡೆದದ್ದೂ ಆಯಿತು. ಥೂ ಎಂದು ಉಗಿದುಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಕುರ್ಚಿ ಅಲುಗಿತು. ಹಿಂದಿನಿಂದ ಹೆಂಡತಿ ತಳ್ಳುತ್ತಿದ್ದಳು. ತಾತ ಗಾಬರಿಯಾಗಿ ಏಳಹೋದ.

"ಏಳ್ಬೇಡಿ," ಎಂದಳು. "ಖಾಲಿ ಕುರ್ಚಿ ಜಾರತ್ತೆ. ನೀವು ಕೂತಿದ್ರೆ ನಂಗೆ ಹಿಡಿತ ಸಿಗತ್ತೆ."

ಎಡಗಾಲನ್ನು ಎಳೆದೆಳೆದು ಇಡುತ್ತ, ಏದುಸಿರು ಬಿಡುತ್ತ, ಆಕೆ ಗಂಡನನ್ನು ಯಂತ್ರಗಳ ಮುಂದಿನಿಂದ ಬಾಗಿಲಾಚೆಗೆ ತಳ್ಳಿಕೊಂಡು ಬಂದಳು. ಅಧ್ಯಕ್ಷರು ಹಿಂದೆಯೇ ಓಡಿಬಂದರು. ಕುರ್ಚಿಯನ್ನು ಹೊರಗೆ ಒಯ್ಯುವಂತಿಲ್ಲ, ಸಂಜೆ ಪಕ್ಕದ ವಾರ್ಡಿನ ಕಾರ್ಯಕ್ರಮದಲ್ಲಿ ಕೊಡಬೇಕಾದದ್ದೂ ಅದೇ, ದಯವಿಟ್ಟು ಇಳಿಯಬೇಕು ಎಂದು ಗೋಗರೆದರು.

"ತಳ್ಳು ಕಣೇ," ಎಂದ ತಾತ, ಹಿಂದಕ್ಕೆ ತಿರುಗಿಯೂ ನೋಡದೆ. "ಕೂರಿಸಿದ್ದು ಅವರೇ. ನಾನಂತೂ ಏಳಲ್ಲ."