ಹೊಂಬಾಳಮ್ಮನ ಎಡಗೈ

ಎಲ್ಲಿ ಏನೇ ದೊಪ್ಪೆಂದು ಬಿದ್ದರೂ ಹೊಂಬಾಳಮ್ಮನ ಎಡಗೈ, ಅವರ ಅರಿವಿಗೂ ಮೊದಲೇ, ಹತ್ತಿರವಿರುವ ಮಗುವಿನ ನೆತ್ತಿಯನ್ನು ಮುಚ್ಚುತ್ತದೆ. ಮಗುವಿಲ್ಲದಿದ್ದರೆ ಬರಿಯ ಗಾಳಿಯನ್ನೇ ಮುಚ್ಚಿ, ನಾಚಿ, ಸೆರಗಿಗೆ ಮರಳುತ್ತದೆ. ಹೊನ್ನವಳ್ಳಿ ಬಳಿಯ ನಮ್ಮ ಮನೆಗೆ ಇಪ್ಪತ್ತೈದು ವರ್ಷಗಳಿಂದ ಕೊಬ್ಬರಿಯ ಚಿಪ್ಪು ಒಡೆಯಲು ಬರುವ, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ಎಡಕ್ಕೆ ತುಸು ವಾಲಿ ನಡೆಯುವ, ಎಂಥ ಕಷ್ಟಕ್ಕೂ 'ಅದ್ಯಾವ್ ಮಹಾ ಬುಡು' ಎನ್ನುವ ಈ ಗಟ್ಟಿಗಿತ್ತಿಗೆ ಅದೊಂದೇ ಅಳುಕು.

ಕಾರಣ ಹಳೆಯದು. ತೆಂಗಿಗೆ ಕಣ್ಣುಂಟು, ಮನುಷ್ಯರ ಮೇಲೆ ಕಾಯಿ ಬೀಳಿಸದು ಎಂಬ ಈ ಸೀಮೆಯ ನಂಬಿಕೆಯಲ್ಲಿ ಅವರು ತಮ್ಮ ಕೂಸು ಮಲ್ಲೇಶನ ಜೋಲಿಯನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಿದ್ದರು. ಕಾಯಿ ಬಿದ್ದದ್ದು ಜೋಲಿಯಿಂದ ಗೇಣು ದೂರಕ್ಕೆ. ಮಲ್ಲೇಶ ಈಗ ತಿಪಟೂರಿನಲ್ಲಿ ಆಟೋ ಓಡಿಸುತ್ತಾನೆ. ತಾಯಿಗೆ ಜೋಲಿಯ ಹಸಿರು ಅಂಚಿನ ಮೇಲೆ ಹರಿಯುತ್ತಿದ್ದ ಇರುವೆಸಾಲು ಕೂಡ ನೆನಪಿದೆ. ಅದು ಯಾವ ತಿಂಗಳು, ಮಗುವನ್ನು ಎತ್ತಿಕೊಂಡವರು ಯಾರು ಎಂಬುದು ಮಾತ್ರ ನೆನಪಿಲ್ಲ. ಭಯದ ಗಳಿಗೆಯಲ್ಲಿ ಮೆದುಳು ಮೈಯನ್ನೆಲ್ಲ ಬಡಿದೆಬ್ಬಿಸಿ, ಕಣ್ಣಿಗೆ ನಾಟಿದ್ದನ್ನು ಆಳವಾಗಿ ಕೊರೆದಿಟ್ಟು, ಸುತ್ತಲಿನದನ್ನು ಕೈಬಿಡುತ್ತದೆಂದು ನಾನು ಓದಿದ್ದೆ. ಓದದೆ ವಿಧಿಯಿರಲಿಲ್ಲ. ಮಗಳು ನಿಸರ್ಗಳಿಗೆ ಜ್ವರ ತಲೆಗೇರಿ ಫಿಟ್ಸ್ ಬಂದ ದಿನದಿಂದ ಥರ್ಮಾಮೀಟರಿನ ಬೀಪ್ ಕೇಳಿದರೆ ಸಾಕು, ನನ್ನ ಕೈ ನಡುಗುತ್ತದೆ. ಐದು ವರ್ಷದ ಅವಳನ್ನು ಅಂಗಳಕ್ಕೂ ಬಿಡಲಾರೆ.

"ನಮ್ಮ ಸೊಸೆ ಮಗೀನ ಗಾಜಿನ ಬೀರುನಾಗೆ ಮಡಗವ್ಳೆ ಕಣೇ," ಎಂದು ನನ್ನ ಅತ್ತೆ ಸಿದ್ದಗಂಗಮ್ಮ ಹೊಂಬಾಳಮ್ಮನ ಹತ್ತಿರ ಹೇಳಿ ನಗುತ್ತಾರೆ.

ಕಳೆದ ವಾರ, ವರ್ಷದಿಂದ ಅಟ್ಟದಲ್ಲಿ ಒಣಗಿದ್ದ ಕಾಯಿ ಇಳಿಸಿದರು. ದಿನವಿಡೀ ದೊಪ್, ದೊಪ್ ಎನ್ನುವ ಕೆಲಸ. ಹೊಂಬಾಳಮ್ಮ ಹೇಗೆ ತಾಳಿಯಾರೆಂದು ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದರೆ, ಅವರೇ ಏಣಿ ಹತ್ತಿ ಮೊದಲ ಕಾಯನ್ನು ಕೆಡವಿದರು. ಎಡಗೈ ಮಿಸುಕಲಿಲ್ಲ.

"ಹೆದರಿಕೆ ಆಗಲ್ವಾ?" ಎಂದೆ.

"ನಾನೇ ಕೆಡವಿದ್ರೆ ಎದೆ ಹಾರಕಿಲ್ಲ ಕಣವ್ವ. ಅದಾಗೇ ಬಿದ್ರೆ ಹಾರ್ತೈತೆ. ಮಗೀನ ಕಳ್ಸು ಇತ್ಲಾಗೆ."

"ಇಲ್ಲಿಂದಲೇ ನೋಡ್ಲಿ ಬಿಡಿ."

"ನೋಡ್ಕೊಂಡು ನಿಂತೋರ್ಗೇ ಕಣವ್ವ ಜಾಸ್ತಿ ದಿಗಿಲು."

ಮಗಳ ಕೈಯನ್ನು ಒಂದೊಂದೇ ಬೆರಳಾಗಿ ಬಿಟ್ಟೆ. ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ಹೊಂಬಾಳಮ್ಮನ ತೋಳಿನೊಳಗೆ ನಿಂತು ಅವಳು ಕಾಯಿಯೊಂದನ್ನು ಕೆಳಕ್ಕೆ ಬಿಟ್ಟಳು. ಬೆಚ್ಚಿದವಳು ನಾನು. "ಇನ್ನೊಂದು!" ಎಂದಳು ಅವಳು.

ಸಂಜೆ ಅವಳ ಮೈ ತುಸು ಬಿಸಿಯಿತ್ತು. ಥರ್ಮಾಮೀಟರ್ ಇಟ್ಟು, ಬೀಪ್ ಬರುವತನಕ ಎಣಿಸೋಣವೆಂದೆ; ಇಬ್ಬರೂ ಬೆರಳು ಮಡಚುತ್ತ ಎಣಿಸಿದೆವು. ಕೈ ನಡುಗಿತು, ಎಂದಿನಷ್ಟಲ್ಲ.

ಭಯ ಹೊಂಬಾಳಮ್ಮನಂಥವರನ್ನು ಬಿಟ್ಟುಹೋಗಿರುವುದಿಲ್ಲ. ಅವರು ಅದರ ಜೊತೆಗೇ ದಿನಾ ಕೆಲಸಕ್ಕೆ ಬರುತ್ತಾರೆ. ತಾವು ಬೀಳಿಸಬಲ್ಲದ್ದನ್ನೆಲ್ಲ ತಾವೇ ಬೀಳಿಸುತ್ತಾರೆ. ಉಳಿದದ್ದಕ್ಕೆಂದು ಒಂದು ಕೈಯನ್ನು ಸದಾ ಖಾಲಿ ಇಟ್ಟುಕೊಂಡಿರುತ್ತಾರೆ.