ಮೊದಲು ನೆಲ ಮುಟ್ಟಿದ ಮೂಟೆ

"ಬ್ರಶ್ಶಿನ ಹಿಡೀನೇ ಕತ್ತರಿಸಿ ಹಾಕಿದೀಯಲ್ಲೇ! ಹಲ್ಲುಜ್ಜೋಕೆ ಬಾಯೊಳಗೆ ಕೈ ಹಾಕ್ಕೋತೀಯಾ?"

ಅಕ್ಕ ಕೆರ್ತು ಆ ಮೋಟು ಬ್ರಶ್ಶನ್ನು ಸತ್ತ ನೊಣವನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು. ನಗು ತಡೆಯಲಾರದೆ ಅವಳ ಹೊಟ್ಟೆ ಕುಲುಕುತ್ತಿತ್ತು.

"ಇಡು ಅಲ್ಲಿ. ಹಿಡೀನೂ ತೂಕಾನೇ" ಎಂದು ಐಲಿ ಅದನ್ನು ಕಿತ್ತುಕೊಂಡು ಗುಡಾರದ ಹಸಿರು ಮೂಟೆಯ ಪಕ್ಕದ ಜೇಬಿಗೆ ತುರುಕಿದಳು. "ಬೆಂಕಿಕಡ್ಡೀನೂ ಎಣಿಸಿ ತಂದಿದೀನಿ. ದಿನಕ್ಕೆ ಆರು."

"ಅಯ್ಯೋ ದೇವರೇ! ಉಸಿರನ್ನೂ ಎಣಿಸಿ ತಂದಿದೀಯೇನೆ?"

ಅಕ್ಕನಿಗೆ ಅರವತ್ತೇಳು, ತಂಗಿಗೆ ಅರವತ್ತಮೂರು. ಪ್ರತಿ ಜುಲೈ ತಿಂಗಳಲ್ಲಿ ಇಬ್ಬರೂ ಥಂಡರ್ ಬೇ ಊರಿನಿಂದ ದೋಣಿ ಕಟ್ಟಿಕೊಂಡು ಈ ಕಾಡಿನ ಸರೋವರಗಳಿಗೆ ಬರುತ್ತಾರೆ. ನೀರು ಮುಗಿದಲ್ಲಿ ದೋಣಿಯನ್ನೂ ಸಾಮಾನನ್ನೂ ಹೊತ್ತು ಮುಂದಿನ ನೀರಿಗೆ ನಡೆಯಬೇಕು. ಅಂಥ ಹೊರುದಾರಿಗಳು ಈ ಸುತ್ತಿನಲ್ಲಿ ಒಂಬತ್ತು. ಅದರಲ್ಲಿ ಇದೇ ಎಲ್ಲಕ್ಕಿಂತ ಉದ್ದ. ಸಾವಿರದ ಎಂಟುನೂರು ಮೀಟರು. ಬೇರು, ಬಂಡೆ, ಕೆಸರು, ಮತ್ತೆ ಬೇರು.

ಇಲ್ಲೇ ಅವರ ಪಂದ್ಯ ನಡೆಯುವುದು. ಗೆದ್ದವಳಿಗೆ ದೋಣಿಯ ಹಿಂದಿನ ಹಲಗೆ. ಹಿಂದೆ ಕೂತವಳ ಹುಟ್ಟು ಹೇಳಿದ ಕಡೆಗೆ ದೋಣಿ ಹೋಗುತ್ತದೆ, ಮುಂದೆ ಕೂತವಳು ನೀರಿನಲ್ಲಿ ಬಂಡೆ ಕಂಡರೆ "ಕಲ್ಲು!" ಎಂದು ಕೂಗಬೇಕು, ಅಷ್ಟೇ. ಐಲಿ ಇಪ್ಪತ್ತೊಂದು ಬೇಸಿಗೆ "ಕಲ್ಲು!" ಎಂದು ಕೂಗಿದ್ದಳು. ಹೊರುದಾರಿ ದಾಟಿದ ಮೇಲೆ ಸಿಗುವ ಸರೋವರದಲ್ಲಿ ಒಂದು ಕಡೆ ನೀರು ಎರಡಾಗಿ ಕವಲೊಡೆಯುತ್ತದೆ. ಇಪ್ಪತ್ತೊಂದು ಸಲವೂ ಕೆರ್ತು ಬಲಕ್ಕೇ ತಿರುಗಿಸಿದ್ದಳು, ಬಲಕ್ಕೆ ಮೀನಿದೆ ಎಂದು. ಎಡಕ್ಕೆ ಏನಿದೆಯೋ ಐಲಿಗೆ ಇವತ್ತಿಗೂ ಗೊತ್ತಿಲ್ಲ. ಚಳಿಗಾಲದಲ್ಲಿ ಪಾತ್ರೆ ತೊಳೆಯುತ್ತ ನಿಂತಾಗಲೂ ಆ ಎಡದ ತಿರುವು ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಮನೆಯಲ್ಲೇ ಮೀನು ತೂಗುವ ಕೊಕ್ಕೆಗೆ ಹಾಕಿ ಹೊರೆಯನ್ನು ಸಮ ಮಾಡಿದ್ದರು. ಕೆರ್ತುವಿಗೆ ದೋಣಿ ಮತ್ತು ಬಟ್ಟೆಯ ಮೂಟೆ. ಐಲಿಗೆ ದಿನಸಿಯ ಮರದ ಪೆಟ್ಟಿಗೆ ಮತ್ತು ಗುಡಾರದ ಮೂಟೆ. ಇಬ್ಬರಿಗೂ ನಲವತ್ತೆರಡು ಕಿಲೋ, ಎರಡು ಕಂತಿನಲ್ಲಿ.

"ನಿಯಮ ಇನ್ನೊಂದ್ಸಲ ಕೇಳಿಸ್ಕೋ" ಎಂದಳು ಕೆರ್ತು. "ಯಾರ ಎರಡೂ ಹೊರೆ ಮೊದಲು ಆ ದಡದ ನೆಲ ಮುಟ್ತಾವೋ ಅವಳು ಗೆದ್ದಂಗೆ. ನೆಲ ಮುಟ್ಟಬೇಕು. ಹೋದ ವರ್ಷದ ಹಂಗೆ, ಕಣ್ಣಿಗೆ ಕಾಣ್ತಿತ್ತು, ಇನ್ನೇನು ಬಂದ್ಬಿಟ್ಟಿದ್ದೆ ಅನ್ನೋ ಪುರಾಣ ನಡಿಯಲ್ಲ."

"ಆಯ್ತು. ನೆಲಾನೇ ಮುಟ್ಟಲಿ."

"ಕಾಫಿ ಎಲ್ಲಿದೆ?"

"ಗುಡಾರದ ಮೂಟೇಲಿ, ಎಲ್ಲಕ್ಕಿಂತ ಮೇಲೆ. ಕೆಟಲ್ಲೂ ಅಲ್ಲೇ. ಮೊದಲು ಬೇಕಾಗಿದ್ದು ಮೇಲಿರಬೇಕು."

"ಶಾಣೆ ಕಣೆ ನೀನು" ಎಂದು ಕೆರ್ತು ದೋಣಿಯನ್ನು ತೊಡೆಗೆಳೆದು, ಒಂದೇ ಏಟಿಗೆ ತಲೆಯ ಮೇಲೆ ಮಗುಚಿ, ಅದರ ನಡುವಿನ ಅಡ್ಡನೊಗವನ್ನು ಹೆಗಲಿಗೆ ಕೂರಿಸಿಕೊಂಡು ಹೊರಟೇಬಿಟ್ಟಳು. ಹಿಂದಿನಿಂದ ನೋಡಿದರೆ ಎರಡು ಕಾಲು ಬಂದ ದೊಡ್ಡ ಕೆಂಪು ಮೀನು ಕಾಡಿಗೆ ನುಗ್ಗಿದ ಹಾಗಿತ್ತು. ಅವಳದು ಒಂದೇ ಕ್ರಮ: ಆ ದಡದ ತನಕ ಎಲ್ಲಿಯೂ ನಿಲ್ಲಬಾರದು, ಅಲ್ಲಿ ಹೋಗಿ ಕೂತು, ಉಪ್ಪಿನ ಕರಿಮಿಠಾಯಿ ಚೀಪಿ, ಆಮೇಲೆ ವಾಪಸ್ಸು ಬರಬೇಕು.

ಇಷ್ಟು ವರ್ಷ ಐಲಿಯೂ ಅಕ್ಕನನ್ನು ಅಟ್ಟಿಸಿಕೊಂಡೇ ಹೋಗಿ ಅರ್ಧದಾರಿಯಲ್ಲಿ ಕೆಸರಿಗೆ ಕುಸಿಯುತ್ತಿದ್ದಳು. ಈ ಸಲ ಹಾಗಲ್ಲ. ಹಿಂದಿನ ಕಾಲದಲ್ಲಿ ತುಪ್ಪಳದ ವ್ಯಾಪಾರಕ್ಕೆ ಮೂಟೆ ಹೊತ್ತವರು ದಾರಿಯನ್ನು ತುಂಡು ಮಾಡಿಕೊಳ್ಳುತ್ತಿದ್ದರು ಎಂದು ಚಳಿಗಾಲದಲ್ಲಿ ಎಲ್ಲೋ ಓದಿದ್ದಳು. ಒಂದು ಹೊರೆಯನ್ನು ಮೊದಲ ನಿಲುಗಡೆಗೆ ಒಯ್ದು ಇಳಿಸಬೇಕು. ಖಾಲಿ ಕೈಯಲ್ಲಿ ಹಿಂದಕ್ಕೆ ನಡೆಯಬೇಕು. ಆ ನಡಿಗೆಯೇ ವಿಶ್ರಾಂತಿ. ಇನ್ನೊಂದನ್ನು ಹೊತ್ತು, ಮೊದಲನೆಯದನ್ನು ದಾಟಿಸಿ, ಎರಡನೆಯ ನಿಲುಗಡೆಯಲ್ಲಿ ಇಡಬೇಕು. ಕೂರುವ ಮಾತೇ ಇಲ್ಲ, ಓಡುವ ಮಾತೂ ಇಲ್ಲ. ಮಾರ್ಚ್ ತಿಂಗಳ ಹಿಮದಲ್ಲಿ ಆಲೂಗಡ್ಡೆ ಮೂಟೆಯನ್ನು ಈ ದೀಪದ ಕಂಬದಿಂದ ಆ ಕಂಬಕ್ಕೆ ಒಯ್ದಿಟ್ಟು, ಬರಿಗೈಯಲ್ಲಿ ಮರಳಿ ಬಂದು, ಇನ್ನೊಂದು ಮೂಟೆ ಒಯ್ದು ಅಭ್ಯಾಸ ಮಾಡಿದ್ದಳು. ಎದುರುಮನೆಯಾಕೆ ಕಿಟಕಿಯಿಂದ ನೋಡಿ, ಪಾಪ, ಆಲೂಗಡ್ಡೆಯನ್ನು ಯಾರಾದರೂ ಕದಿಯುತ್ತಾರೆಂಬ ಭಯವಿರಬೇಕು ಎಂದುಕೊಂಡಿದ್ದಳಂತೆ.

ಪೆಟ್ಟಿಗೆಯನ್ನು ಬೆನ್ನಿಗೇರಿಸಿ, ಅದಕ್ಕೆ ಬಿಗಿದ ಚರ್ಮದ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಐಲಿ ಹೊರಟಳು. ಮೊದಲ ನಿಲುಗಡೆ ಒಂದು ಬಾಗಿದ ದೇವದಾರು. ಅಲ್ಲಿ ಇಳಿಸಿ ಹಿಂದಿರುಗಿದಳು. ಆಹಾ, ಆ ಬರಿಗೈ ನಡಿಗೆ! ಹೆಗಲು ಗಾಳಿಗೆ ತೇಲಿಹೋಗುತ್ತದೇನೋ ಎನ್ನಿಸುತ್ತಿತ್ತು. ದಾರಿಬದಿಯ ಕಾಡುಹಣ್ಣಿನ ಗಿಡಗಳನ್ನು ಮಾತಾಡಿಸಿದಳು, ಕರಿನೊಣಗಳಿಗೆ ಬೈದಳು, ಹಾಡನ್ನೂ ಹೇಳಿದಳು. ಗುಡಾರದ ಮೂಟೆ ಹೊತ್ತು, ಪೆಟ್ಟಿಗೆಯನ್ನು ದಾಟಿ ಮುಂದಿನ ಚಪ್ಪಟೆ ಬಂಡೆಯವರೆಗೆ ಹೋಗಿ ಇಟ್ಟಳು. ಮತ್ತೆ ಹಿಂದಕ್ಕೆ, ಪೆಟ್ಟಿಗೆಗೆ. ಉಸಿರು ಇನ್ನೂ ಮೂಗಿನಲ್ಲೇ ಇತ್ತು, ಬಾಯಿಗೆ ಬಂದಿರಲಿಲ್ಲ. ಈ ಸಲ ಎಡಕ್ಕೇ ಎಂದು ಮನಸ್ಸು ಕುಣಿಯತೊಡಗಿತು.

ಪೆಟ್ಟಿಗೆಯ ಪಟ್ಟಿಯನ್ನು ಹಣೆಗೇರಿಸಿ ಇಪ್ಪತ್ತು ಹೆಜ್ಜೆ ನಡೆದಿರಬೇಕು, ಎದುರಿನಿಂದ ಗಲಗಲ ಸದ್ದು ಬಂತು. ಬೇಸಿಗೆ ಶಿಬಿರದ ಹುಡುಗಿಯರು ಆ ಕಡೆಯಿಂದ ಈ ಕಡೆಗೆ ದಾಟುತ್ತಿದ್ದರು. ಹಣೆಗೆ ಪಟ್ಟಿ ಬಿಗಿದವರು ತಲೆ ಎತ್ತುವಂತಿಲ್ಲ, ತಿರುಗಿಸುವಂತೆಯೂ ಇಲ್ಲ. ಕಾಣುವುದು ಬರೀ ನೆಲ. ಹಾಗಾಗಿ ಐಲಿ ಕಂಡದ್ದು ಹುಡುಗಿಯರನ್ನಲ್ಲ, ಶೂಗಳನ್ನು. ಕೆಸರಿನ ಶೂ, ಹರಿದ ಶೂ, ಶೂಗಳ ಮೆರವಣಿಗೆಯೇ ಹೋಯಿತು. ಎಲ್ಲರ ಹಿಂದೆ, ತುಂಬ ಹಿಂದೆ, ಕೆಂಪು ಲಾಡಿಯ ಜೋಡಿಯೊಂದು ತೂರಾಡಿಕೊಂಡು ಬಂತು.

"ಯಪ್ಪಾ, ಸತ್ತೆ" ಎಂದಿತು ಕೆಂಪು ಲಾಡಿಯ ದನಿ. "ಅಜ್ಜಿ, ಇನ್ನೆಷ್ಟು ದೂರ?"

"ಅಜ್ಜಿ ಅನ್ಬೇಡ, ಇನ್ನೂ ದೂರ ಆಗುತ್ತೆ" ಎಂದಳು ಐಲಿ ನೆಲಕ್ಕೇ. "ಯಾಕಮ್ಮ ಅಷ್ಟು ಏದುಸಿರು?"

"ಎರಡು ಮೂಟೆ ಹೊತ್ತಿದೀನಿ. ಇವತ್ತು ಕೊನೆಯವಳು ನಾನು. ದಾರೀಲಿ ಬಿದ್ದಿದ್ದನ್ನೆಲ್ಲ ಕೊನೆಯವರು ಎತ್ಕೊಂಡು ಬರ್ಬೇಕು. ಯಾವಳೋ ಪುಣ್ಯಾತ್ಗಿತ್ತಿ ಬಿಟ್ಟು ಹೋಗಿದಾಳೆ, ಅದರಲ್ಲಿ ಕಬ್ಬಿಣ ತುಂಬಿದಾಳೋ ಏನೋ!"

ಐಲಿ ಹೆಜ್ಜೆ ನಿಲ್ಲಿಸಿದಳು. "ನೋಡಮ್ಮ, ಎರಡನ್ನೂ ಒಟ್ಟಿಗೆ ಹೊರಬೇಡ. ಒಂದನ್ನ ಇಲ್ಲೇ ಮರದ ಹತ್ರ ಇಡು. ಇನ್ನೊಂದನ್ನ ದಡಕ್ಕೆ ತಲುಪಿಸಿ ಬರಿಗೈಲಿ ವಾಪಸ್ ಬಾ. ಆ ನಡಿಗೇಲೇ ಸುಸ್ತೆಲ್ಲ ಇಳಿದುಹೋಗುತ್ತೆ."

"ಹೌದಾ? ಥ್ಯಾಂಕ್ಸ್ ಅಜ್ಜಿ... ಅಲ್ಲ, ಆಂಟಿ!"

ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಐಲಿಯ ಪೆಟ್ಟಿಗೆ ಇನ್ನಷ್ಟು ಹಗುರವಾಯಿತು. ತುಸು ಮುಂದೆ ಕೆರ್ತುವಿನ ದೊಡ್ಡ ಬೂಟುಗಳು ಎದುರಾದವು. ದೋಣಿ ಮುಟ್ಟಿಸಿ ಖಾಲಿ ಕೈಯಲ್ಲಿ ಬರುತ್ತಿದ್ದಳು. ಮಿಠಾಯಿಯ ವಾಸನೆ ಅವಳಿಗಿಂತ ಮುಂದೆ ಬಂತು.

"ಓಹೋ, ಬಸವನಹುಳು! ದೋಣಿ ಆ ಕಡೆ ಕೂತು ಬಿಸಿಲು ಕಾಯಿಸ್ತಿದೆ."

"ಕಾಯಿಸ್ಲಿ. ಅದರ ಹಿಂದಿನ ಹಲಗೆ ಒರೆಸಿಟ್ಟಿದೀಯಾ ನಂಗೆ?"

ಕೆರ್ತು ಹೋ ಎಂದು ನಕ್ಕು ಹೋದಳು. ಐಲಿ ಚಪ್ಪಟೆ ಬಂಡೆಗೆ ಬಂದಳು. ಪೆಟ್ಟಿಗೆ ಇಳಿಸಿದಳು. ಬಂಡೆ ಇತ್ತು. ಮೂಟೆ ಇರಲಿಲ್ಲ.

ಸುತ್ತ ನೋಡಿದಳು. ಪೊದೆಯೊಳಗೆ ಕೈ ಹಾಕಿದಳು. ಕರಡಿಯೇ? ಕರಡಿಗೆ ಗುಡಾರ ಯಾಕೆ? ಕೆರ್ತುವೇ! ಈಗ ತಾನೇ ಈ ಕಡೆಯಿಂದ ಬಂದಳಲ್ಲ, ಎಲ್ಲೋ ಅಡಗಿಸಿಟ್ಟಿದ್ದಾಳೆ! "ಅಕ್ಕಾ! ಕಳ್ಳಿ!" ಎಂದು ಕಾಡಿಗೆ ಕೇಳುವಂತೆ ಕಿರುಚಿದಳು. ಬಂಡೆಯ ಸುತ್ತ ಮೂರು ಸುತ್ತು ಹಾಕಿದಳು. ಮೂರನೆಯ ಸುತ್ತಿನಲ್ಲಿ ಒಂದು ದನಿ ಕಿವಿಗೆ ಮರಳಿ ಬಂತು: ಯಾವಳೋ ಪುಣ್ಯಾತ್ಗಿತ್ತಿ ಬಿಟ್ಟು ಹೋಗಿದಾಳೆ.

ಶಿಬಿರದವರ ಮೂಟೆಗಳೂ ಇಂಥದೇ ಹಸಿರು ಕ್ಯಾನ್ವಾಸಿನವು.

ಐಲಿ ಬಂಡೆಯ ಮೇಲೆ ಕುಸಿದಳು. ನನ್ನ ಮೂಟೆಯನ್ನು ಹಿಂದಕ್ಕೆ ಹೊತ್ತೊಯ್ಯುವವಳಿಗೆ, ಸುಸ್ತಾಗದೆ ಒಯ್ಯುವುದು ಹೇಗೆಂದು ನಾನೇ ಪಾಠ ಹೇಳಿದೆನಲ್ಲ! ಅಳು ಬರಬೇಕಿತ್ತು, ಬಂದದ್ದು ನಗು. ಪಕ್ಕೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡಳು. ಈ ವರ್ಷವೂ ಬಲಕ್ಕೇ.

ಓಡಿಹೋಗಿ ತರೋಣವೇ? ಬೇಡ. ಓಡಿದ ವರ್ಷಗಳೆಲ್ಲ ನೆನಪಿದ್ದವು. ಪೆಟ್ಟಿಗೆಯಂತೂ ಆ ದಡಕ್ಕೆ ಹೋಗಲೇಬೇಕು. ಅದೇ ನಿಧಾನದ ಹೆಜ್ಜೆಯಲ್ಲಿ ಒಯ್ದು ದೋಣಿಯ ಪಕ್ಕ ನೆಲಕ್ಕಿಟ್ಟಳು. ಒಂದು ಗುಟುಕು ನೀರು ಕುಡಿದು ಬರಿಗೈಯಲ್ಲಿ ಹಿಂದಿರುಗಿದಳು. ಹಾಡು ಮಾತ್ರ ಬರಲಿಲ್ಲ.

ದಡದಿಂದ ಮುನ್ನೂರು ಹೆಜ್ಜೆ ಬಂದಿರಬಹುದು. ತಿರುವಿನಲ್ಲಿ ವಿಚಿತ್ರ ಪ್ರಾಣಿಯೊಂದು ಕಾಣಿಸಿತು. ಹಿಂದೊಂದು ಗೂನು, ಮುಂದೊಂದು ಗೂನು, ನಡುವೆ ಬೀಟ್‌ರೂಟಿನ ಬಣ್ಣದ ಮುಖ.

"ಸರಿ! ದಾರಿ ಬಿಡು!" ಎಂದಿತು ಮುಖ. ಕೆರ್ತುವಿನ ಬೆನ್ನ ಮೇಲೆ ಅವಳ ಬಟ್ಟೆಯ ಮೂಟೆ. ಎದೆಯ ಮೇಲೆ, ತೋಳುಗಳಿಗೆ ಪಟ್ಟಿ ಸಿಕ್ಕಿಸಿಕೊಂಡು, ಐಲಿಯ ಗುಡಾರದ ಮೂಟೆ.

"ಅಕ್ಕಾ! ನನ್ ಮೂಟೆ!"

"ನಾವು ಹೊರಟ ದಡದಲ್ಲೇ ಕೂತಿತ್ತು ಅನಾಥವಾಗಿ. ಆ ಹುಡುಗೀರು ಯಾರದಿದು ಯಾರದಿದು ಅಂತ ಜಗಳಾಡ್ತಿದ್ರು. ಒಬ್ಳು ಪಕ್ಕದ ಜೇಬು ಬಿಚ್ಚಿದ್ಳು ನೋಡು, ಮೋಟು ಬ್ರಶ್ಶು ಬಿತ್ತು. ಗೊತ್ತಾಗ್ಹೋಯ್ತು."

"ಅಲ್ಲೇ ಬಿಟ್ಟು ಬಂದಿದ್ರೆ ನೀನು ಗೆದ್ದೇಬಿಡ್ತಿದ್ದೆ."

"ಕಾಫಿ ಅದರಲ್ಲಿದೆ ಕಣೆ, ಕತ್ತೆ! ನೀನು ಹೋಗಿ ತರೋ ತನಕ ಒಂದು ಗಂಟೆ, ಗೆದ್ದು ಬಾಯಿ ಒಣಗಿಸ್ಕೊಂಡು ಕೂರ್ಲಾ?"

"ಕೊಡು ಇತ್ಲಾಗೆ, ನಾನು ಹೊರ್ತೀನಿ."

"ನಿಂತ್ರೆ ಬಿದ್ದೆ. ಬಿದ್ರೆ ಏಳಲ್ಲ. ನಡೀ, ನಡೀ! ನಿನ್ನದ್ದೂ ಹೊತ್ತೆ, ನನ್ನದ್ದೂ ಹೊತ್ತೆ. ಇನ್ನಾದ್ರೂ ಒಪ್ಕೊ, ಹಿಂದಿನ ಹಲಗೆ ಯಾರಿಗೆ ಸೇರಿದ್ದು ಅಂತ."

ಐಲಿ ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಅಕ್ಕನ ಬೆವರು ಗಲ್ಲದಿಂದ ಮುಂದಿನ ಮೂಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಐಲಿ ಆ ಮುಂದಿನ ಮೂಟೆಯನ್ನು ನೋಡಿದಳು. ಅದರ ಪಟ್ಟಿಗಳನ್ನು ನೋಡಿದಳು. ಹಿಂದಿನ ಮೂಟೆಯ ಪಟ್ಟಿಗಳ ಮೇಲೆ ಅವು ಬಿಗಿಯಾಗಿ ಕೂತಿದ್ದವು.

"ಅಕ್ಕ."

"ಏನು?"

"ಯಾವುದನ್ನ ಮೊದಲು ಇಳಿಸ್ತೀಯ?"

ಕೆರ್ತು ಎದೆಯ ಮೇಲಿನ ಪಟ್ಟಿಗಳನ್ನು ನೋಡಿಕೊಳ್ಳುತ್ತ ನಾಲ್ಕು ಹೆಜ್ಜೆ ನಡೆದಳು. ಐದನೆಯ ಹೆಜ್ಜೆಗೆ "ಅಯ್ಯೋ" ಎಂದಳು.

ಮುಂದಿನದನ್ನು ಇಳಿಸದೆ ಹಿಂದಿನದು ಕಳಚುವುದಿಲ್ಲ. ಐಲಿಯ ಪೆಟ್ಟಿಗೆಯಂತೂ ಆಗಲೇ ಆ ದಡದ ನೆಲ ಮುಟ್ಟಿತ್ತು.

"ನೀನು ಹೊರಲೇ ಇಲ್ವಲ್ಲೇ!"

"ಯಾರು ಹೊರಬೇಕು ಅಂತ ನೀನು ಹೇಳ್ಲಿಲ್ಲ. ನೆಲ ಮುಟ್ಟಬೇಕು ಅಂದೆ."

ದಡ ಬಂತು. ಕೆರ್ತು ಸುಮ್ಮನೆ ಸೋಲುವವಳಲ್ಲ. ದೊಡ್ಡ ಬಂಡೆಯ ಕಡೆ ಬೆನ್ನು ಮಾಡಿ, ಕೂರಲು ಹಿಂದಕ್ಕೆ ಸರಿದಳು.

"ಅದು ಬಂಡೆ. ನೆಲ ಅಲ್ಲ" ಎಂದಳು ಐಲಿ.

"ಬಂಡೇನೂ ನೆಲಾನೇ!"

"ಆಚೆ ವರ್ಷ ನಾನು ಅದೇ ಬಂಡೆ ಮೇಲಿಟ್ಟಾಗ ಏನಂದಿದ್ದೆ?"

ಹಲ್ಲು ಕಚ್ಚಿ ಕೆರ್ತು ಎರಡು ಹೆಜ್ಜೆ ಆಚೆ ಬಂದಳು. ಪಾಚಿಯ ಮೇಲೆ ಹಿಂದುಹಿಂದಾಗಿ ಕುಕ್ಕರಿಸಲು ಶುರು ಮಾಡಿದಳು. ಒಂದು ಗೇಣು ಇಳಿದಳು. ಇನ್ನೊಂದು ಗೇಣು. ಬಟ್ಟೆಯ ಮೂಟೆಯ ತಳಕ್ಕೂ ಪಾಚಿಗೂ ನಡುವೆ ಒಂದು ಬ್ರೆಡ್ಡು ಹಿಡಿಸುವಷ್ಟೇ ಜಾಗ ಉಳಿದಿತ್ತು. ಆಗ ಮುಂದಿನ ಮೂಟೆಯೊಳಗೆ ಕೆಟಲ್ಲು ಠಣ್ ಎಂದಿತು. ಗುಡಾರದ ಮೂಟೆ ಮುಂದಕ್ಕೆ ವಾಲಿತು, ಅದರ ಹಿಂದೆ ಕೆರ್ತುವೂ. ಮೊಣಕಾಲೂರಿ, ಗುಡಾರದ ಮೂಟೆಯನ್ನು ಅಪ್ಪಿಕೊಂಡು, ಧೊಪ್ಪೆಂದು ಮುಂದಕ್ಕೆ ಬಿದ್ದಳು. ಬೆನ್ನ ಮೇಲೆ ಬಟ್ಟೆಯ ಮೂಟೆ ಆಕಾಶ ನೋಡುತ್ತ ಕೂತಿತ್ತು.

"ಮುಟ್ತು!" ಎಂದು ಐಲಿ ಎರಡೂ ಕೈ ಎತ್ತಿ ಕುಣಿದಳು. "ಮುಟ್ತು, ಮುಟ್ತು, ಮುಟ್ತು!"

ಮೂಟೆಯಲ್ಲಿ ಹುದುಗಿದ ಕೆರ್ತುವಿನ ಮುಖದಿಂದ ಗೊರಗೊರ ಸದ್ದು ಬಂತು. ಐಲಿ ಗಾಬರಿಯಾಗಿ ಬಗ್ಗಿ ನೋಡಿದರೆ, ಅವಳು ನಗುತ್ತಿದ್ದಳು. ನಗುವಿಗೆ ಏಳಲೂ ಆಗದೆ ಬೋರಲು ಬಿದ್ದಿದ್ದಳು. ಅವಳ ಪಟ್ಟಿ ಬಿಚ್ಚಲು ಕೂತ ಐಲಿಗೂ ಕೈಯಲ್ಲಿ ಬಲವಿಲ್ಲದಷ್ಟು ನಗು. ಇಬ್ಬರೂ ಪಾಚಿಯ ಮೇಲೆ ಉರುಳಿದರು.

ಆಮೇಲೆ ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿತು. ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿಂದರು. ಕೆರ್ತು ಮೂರು ಲೋಟ ಕುಡಿದಳು, ಮೂರಕ್ಕೂ ಗೊಣಗಿದಳು. ದೋಣಿ ನೀರಿಗಿಳಿಯಿತು. ಐಲಿ ಹಿಂದಿನ ಹಲಗೆಯ ಮೇಲೆ ಕೂತಳು. ಇಪ್ಪತ್ತೊಂದು ವರ್ಷದ ಮೇಲೆ ಮೊದಲ ಸಲ ಅವಳಿಗೆ ಇಡೀ ದೋಣಿ ಕಾಣಿಸಿತು, ಅದರ ತುದಿಯಲ್ಲಿ ಅಕ್ಕನ ಹಳೆಯ ಟೋಪಿಯೂ.

ನೀರು ಎರಡಾಗುವ ಜಾಗ ಬಂತು.

"ಬಲಕ್ಕೆ ಮೀನಿದೆ ಕಣೆ" ಎಂದಳು ಕೆರ್ತು, ತಿರುಗದೆ, ತುಂಬ ಮೆತ್ತಗೆ.

"ಗೊತ್ತು."

"ಎಡಕ್ಕೆ ಏನೂ ಇಲ್ದಿರಬೋದು."

"ಇಲ್ದಿದ್ರೆ ಅದನ್ನೇ ನೋಡೋಣ. ನೀನು ಮುಂದೆ ಕಲ್ಲು ನೋಡ್ಕೋ."

"ಕಲ್ಲಾ? ಯಾವ ಕಲ್ಲು?"

ಕರ್ರ್ ಎಂದು ದೋಣಿಯ ಹೊಟ್ಟೆ ನೀರೊಳಗಿನ ಬಂಡೆಯೊಂದರ ಮೇಲೆ ಏರಿ ನಿಂತಿತು. ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಅದು ಬಂಡೆಯ ನೆತ್ತಿಯ ಮೇಲೆ ನಿಧಾನಕ್ಕೆ ಸುತ್ತಿ, ಮೂತಿಯನ್ನು ಎಡಕ್ಕೆ ಮಾಡಿಕೊಂಡು, ತಾನಾಗಿಯೇ ಜಾರಿ ನೀರಿಗೆ ಬಿತ್ತು.