ಬಿಳಿಚಿದ ಸಾಸಿವೆ

ಬಿಳಿಚಿದ ಸಸಿಗಳ ರಸ ಹಾಕಿದ್ದ ಗಾಜಿನ ನಳಿಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ತ್ರಿಶಲಾ ಅದನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಗುಲಾಬಿ ಎಂದರೆ ಸಾರಜನಕ ಅರಗಿಸುವ ಕಿಣ್ವ ಜೀವಂತವಾಗಿದೆ ಎಂದರ್ಥ. ಇರಬಾರದಿತ್ತು. ಎಲೆಯೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳು ಅಪ್ಪಣೆ ಕೊಟ್ಟರಷ್ಟೇ ಆ ಕಿಣ್ವ ಹುಟ್ಟುತ್ತದೆ ಎನ್ನುವುದೇ ಅವಳ ಪಿಎಚ್‌ಡಿ. ಸಾಸಿವೆ ಸಸಿಗಳಿಗೆ ಔಷಧಿ ಹಾಕಿ, ಬಿರುಬೆಳಕಿನಲ್ಲಿಟ್ಟು ಅವಳು ಆ ಕಣಗಳನ್ನೇ ಸುಟ್ಟಿದ್ದಳು.

"ಹಿಂಗಾದ್ರ ನಿಮ್ಮ ವಾದಾನ ಬಿದ್ದು ಹೋಗ್ತದಲ್ರಿ," ಎಂದರು ಗೈಡ್ ಪದ್ಮಾಕರ ಸರ್. "ಇನ್ನೊಮ್ಮೆ ಮಾಡಿ ತೋರಸ್ರಿ. ಮತ್ತ ಹಿಂಗ ಬಂದ್ರ ಥೀಸಿಸ್ ಮೊದಲಿಂದ ಬರೀಬೇಕು."

ಬೆಳಗಾವಿಯಲ್ಲಿ ಅವಳ ಕಾಲು ನಿಲ್ಲಲಿಲ್ಲ. ಮಧ್ಯಾಹ್ನವೇ ಮನೆಗೆ ಹೋಗಲು ಖಾನಾಪುರದ ಬಸ್ಸು ಹತ್ತಿದಳು. ಕಿಟಕಿ ಸರಿಸಿದಳು, ಮುಚ್ಚಿದಳು, ಮತ್ತೆ ಸರಿಸಿದಳು. ಬಾಜೂಕಿನ ಅಜ್ಜಿ ಮರಾಠಿಯಲ್ಲಿ ಗೊಣಗಿದ್ದು ಕಿವಿಗೇ ಬೀಳಲಿಲ್ಲ. ಪ್ರಯೋಗಾಲಯದ ದೀಪಗಳು ಕೈಕೊಟ್ಟಾಗಿನಿಂದ ಸಸಿಗಳನ್ನು ಮನೆಯಲ್ಲೇ ಬೆಳೆಸುತ್ತಿದ್ದಳು. ತಪ್ಪಾಗಿದ್ದರೆ ಅಲ್ಲೇ ಆಗಿರಬೇಕು.

ಚಪ್ಪಲಿ ಬಿಡುವುದನ್ನೂ ಮರೆತು ಒಳಕೋಣೆಗೆ ನುಗ್ಗಿದಳು. ದೀಪವೇನೋ ಉರಿಯುತ್ತಿತ್ತು. ಅದರ ಕೆಳಗಿನ ಟ್ರೇ ಮೇಲೆ ಅವ್ವನ ಹಳೆಯ ಸೀರೆಯ ತುಂಡು ಹೊದೆಸಿತ್ತು.

"ಇದೇನವ್ವಾ?"

ಅವ್ವ ಕಾಂತಾ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬಾಗಿಲಲ್ಲಿ ನಿಂತಳು. "ಸುಟ್ಟು ಸಾಯಾಕತ್ತಿದ್ದುವು ತಂಗಿ. ನೀ ಹೋದ ಮ್ಯಾಲ ದಿನಾ ಹೊಚ್ಚತಿದ್ದೆ, ನೀ ಬರೂ ಹೊತ್ತಿಗೆ ತಗೀತಿದ್ದೆ. ಜೀವ ಅದಾವಂತ ಅಷ್ಟಮಿ ದಿನ ಹಸಿರು ತಪ್ಪಲಪಲ್ಲೆ ಸೈತ ಮುಟ್ಟದ ಜೈನರಾಕಿ ನಾ. ಇದನ್ನ ನೋಡ್ಕೋಂತ ಹೆಂಗ ಕುಂದರಲಿ?"

ತ್ರಿಶಲಾಳಿಗೆ ಮೈಯೆಲ್ಲ ಉರಿಯಿತು. ಮರುಗಳಿಗೆಯಲ್ಲೇ ನಗುವೂ ಬಂತು. ಎಲೆ ಬಿಳಿಚಿದ್ದರೂ ನೆರಳಿನಲ್ಲಿ ಒಂದಿಷ್ಟು ಕಣಗಳು ಬದುಕಿದ್ದವು, ಅದಕ್ಕೇ ಕಿಣ್ವವೂ ಬದುಕಿತ್ತು. ವಾದ ಬಿದ್ದಿರಲಿಲ್ಲ! ಆದರೆ ಸರ್ ಒಪ್ಪಬೇಕಾದರೆ ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸಬೇಕು. ಔಷಧಿ ಕುಡಿದು ಆಗತಾನೇ ಮೊಳೆತಿದ್ದ ಇನ್ನೊಂದು ಟ್ರೇಯನ್ನು ದೀಪದ ಕೆಳಗೆ ಎಳೆದು, ಸೀರೆಯ ತುಂಡನ್ನು ಅರ್ಧಕ್ಕಷ್ಟೇ ಹೊದೆಸಿದಳು.

"ಈ ಬಾಜೂಕಿನವು?" ಅವ್ವ ಕೇಳಿದಳು.

"ಅವು ಹಂಗ ಇರಬೇಕವ್ವಾ."

ಅವ್ವ ಒಳಗೆ ಹೋಗಿ ಮತ್ತೊಂದು ತುಂಡು ತಂದು ಚಾಚಿದಳು. "ಅರಿವಿ ಭಾಳ ಅದಾವು."

ತ್ರಿಶಲಾ ಅದನ್ನು ತೆಗೆದುಕೊಂಡು, ಮಡಚಿ, ಕುರ್ಚಿಯ ಮೇಲಿಟ್ಟಳು. ಅವ್ವ ಸಸಿಗಳನ್ನು ನೋಡಲೆಂಬಂತೆ ಟ್ರೇ ಮೇಲೆ ಬಾಗಿದಳು. ಅವಳ ನೆರಳು ಬರಿದಾಗಿದ್ದ ಅರ್ಧದ ಮೇಲೆ ಬಿತ್ತು, ಅಲ್ಲೇ ನಿಂತಿತು. ತ್ರಿಶಲಾ ಅವ್ವನ ಭುಜ ಹಿಡಿದು ಮೆಲ್ಲಗೆ ಬದಿಗೆ ಕರೆತಂದಳು.